ಮೆಡಿಕಲ್ ಶಾಪಿಗೆ ಬರುವ ನಾಯಿ, ಬೆಕ್ಕಿನ ಚೀಟಿ: ಹಾರ್ಮೋನ್ ಕಾಯಿಲೆಗಳಲ್ಲಿ ಫಾರ್ಮಸಿಸ್ಟ್ ಕೆಲಸ ಏನು?

ಕೆಲವು ವರ್ಷಗಳ ಹಿಂದೆ ನನ್ನ ಕೌಂಟರಿಗೆ ಒಂದು ಚೀಟಿ ಬಂತು. ಲೆವೋಥೈರಾಕ್ಸಿನ್ (ಥೈರಾಯ್ಡ್ ಕಡಿಮೆಯಾದಾಗ ಕೊಡುವ ಔಷಧಿ) 500 ಮೈಕ್ರೋಗ್ರಾಂ, ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ದೊಡ್ಡವರಿಗೆ ದಿನಕ್ಕೆ 100 ಮೈಕ್ರೋಗ್ರಾಂ ಆಸುಪಾಸು ಕೊಟ್ಟು ಅಭ್ಯಾಸವಾದ ಕೈ ನನ್ನದು. ಇದು ಅದರ ಹತ್ತು ಪಟ್ಟು. ಒಂದು ಸೊನ್ನೆ ಜಾಸ್ತಿ ಬಿದ್ದಿದೆ ಅಂದುಕೊಂಡೆ. 50ರ ಸ್ಟ್ರಿಪ್ ತೆಗೆಯಲು ಹೊರಟೆ. ಎದುರಿಗೆ ನಿಂತಿದ್ದ ಅಮ್ಮ, "ಇದು ನಮ್ಮ ಲ್ಯಾಬ್ರಡಾರ್‌ಗೆ ಸಾರ್, 25 ಕೆ.ಜಿ. ಇದೆ" ಎಂದರು. ಪಶುವೈದ್ಯರಿಗೆ ಫೋನ್ ಮಾಡಿದೆ. ಚೀಟಿ ಸರಿಯಾಗಿಯೇ ಇತ್ತು. ಆ ಅಮ್ಮ ಒಂದು ಮಾತು ಆಡದೆ ಹೋಗಿದ್ದರೆ, ಆ ನಾಯಿಗೆ ಬೇಕಾದ ಔಷಧಿಯ ಹತ್ತನೇ ಒಂದು ಭಾಗ ಮಾತ್ರ ಸಿಗುತ್ತಿತ್ತು.

ನಾಯಿ, ಬೆಕ್ಕಿನ ಹಾರ್ಮೋನ್ ಕಾಯಿಲೆಗೆ ಬೇಕಾಗುವ ಔಷಧಿಯಲ್ಲಿ ಹೆಚ್ಚಿನದು ನಮ್ಮಂಥ ಸಾಮಾನ್ಯ ಮೆಡಿಕಲ್ ಶಾಪಿನಲ್ಲೇ ಇದೆ. ಇನ್ಸುಲಿನ್, ಥೈರಾಕ್ಸಿನ್, ಕಾರ್ಬಿಮಝೋಲ್, ಪ್ರೆಡ್ನಿಸೋಲೋನ್, ಎಲ್ಲವೂ ಮನುಷ್ಯರಿಗೆ ಕೊಡುವ ಅದೇ ಡಬ್ಬಿ, ಅದೇ ಸ್ಟ್ರಿಪ್. ಆದರೆ ಒಳಗೆ ಹೋಗುವ ಮೈ ಬೇರೆ. ನಮಗೆ ತಪ್ಪು ಅನ್ನಿಸುವ ಡೋಸ್ ಅಲ್ಲಿ ಸರಿ ಇರಬಹುದು. ನಮಗೆ ಸರಿ ಅನ್ನಿಸುವುದು ಅಲ್ಲಿ ಪ್ರಾಣಕ್ಕೇ ಕುತ್ತು ತರಬಹುದು. ಕಾಯಿಲೆ ಗುರುತಿಸುವುದು, ಡೋಸ್ ತೀರ್ಮಾನಿಸುವುದು ಪಶುವೈದ್ಯರ ಕೆಲಸ. ಆ ಡೋಸ್ ಸರಿಯಾಗಿ ಪ್ರಾಣಿಯ ಮೈ ಸೇರುವಂತೆ ನೋಡಿಕೊಳ್ಳುವುದು ನಮ್ಮದು. ಕೌಂಟರಿನ ಹಿಂದೆ ನಿಲ್ಲುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಇಂಥ ನಾಯಿ ಬೆಕ್ಕು ಸಾಕಿರುವವರಿಗೂ ಉಪಯೋಗವಾದೀತು.

ಹಂತ 1: ಔಷಧಿ ತೆಗೆಯುವ ಮುಂಚೆ ಕೇಳಿ

ಯಾವ ಪ್ರಾಣಿ? ತೂಕ ಎಷ್ಟು? ಬೇರೆ ಏನು ಔಷಧಿ ನಡೆಯುತ್ತಿದೆ? ಈ ಮೂರು ಪ್ರಶ್ನೆ ಕೇಳದೆ ಕಪಾಟಿಗೆ ಕೈ ಹಾಕಬೇಡಿ.

ಪ್ರಾಣಿಗಳಿಗೆ ಬರೆದ ಚೀಟಿಯಲ್ಲಿ ಮಾಲೀಕರ ಹೆಸರು, ವಿಳಾಸ ಇರಬೇಕು ಎಂದು ನಮ್ಮ ಔಷಧ ನಿಯಮಗಳೇ ಹೇಳುತ್ತವೆ. ಅದರ ಜೊತೆ ಪ್ರಾಣಿಯ ಹೆಸರು, ಜಾತಿ, ತೂಕವನ್ನೂ ನೀವೇ ಕೇಳಿ ಬಿಲ್ ಮೇಲೆ ಬರೆದುಕೊಳ್ಳಿ. ಇಲ್ಲದಿದ್ದರೆ ಮುಂದಿನ ತಿಂಗಳು ಕೌಂಟರಿನಲ್ಲಿರುವ ಬೇರೆ ಹುಡುಗ, ಇದು ಮಾಲೀಕರದ್ದೇ ಔಷಧಿ ಅಂದುಕೊಳ್ಳುತ್ತಾನೆ.

ಓದುವಾಗ ಎರಡು ಕಡೆ ಎಡವುತ್ತೇವೆ. ಪಶುವೈದ್ಯರು 'ಎಸ್‌ಐಡಿ' ಎಂದು ಬರೆಯುತ್ತಾರೆ. ಅಂದರೆ ದಿನಕ್ಕೆ ಒಂದೇ ಸಲ. ಮನುಷ್ಯರ ಚೀಟಿಯಲ್ಲಿ ಇದು ಕಾಣುವುದು ಅಪರೂಪ. ಹಾಗಾಗಿ 'ಬಿಐಡಿ' (ದಿನಕ್ಕೆ ಎರಡು ಸಲ) ಅಂತಲೋ, 'ಕ್ಯೂಐಡಿ' (ನಾಲ್ಕು ಸಲ) ಅಂತಲೋ ಓದಿಬಿಡುವ ಅಪಾಯ ಇದೆ. ಒಂದು ಸಲದ್ದು ನಾಲ್ಕು ಸಲ ಆಗಿಹೋಗುತ್ತದೆ. ಇನ್ನೊಂದು, ಇನ್ಸುಲಿನ್ ಯೂನಿಟ್‌ಗೆ ಬರೆಯುವ ಇಂಗ್ಲಿಷ್ 'ಯು' ಅಕ್ಷರ. ಅವಸರದಲ್ಲಿ ಅದು ಸೊನ್ನೆಯಂತೆ ಕಂಡರೆ 4 ಯೂನಿಟ್ 40 ಆಗುತ್ತದೆ. ಅನುಮಾನ ಬಂದರೆ ಫೋನ್ ಮಾಡಿ. ನಿಮ್ಮ ಊರಿನ ಪಶುವೈದ್ಯರ ನಂಬರ್ ಕೌಂಟರಿನ ಗೋಡೆಗೆ ಅಂಟಿಸಿಟ್ಟುಕೊಳ್ಳಿ.

ಹಂತ 2: ಇನ್ಸುಲಿನ್‌ಗೆ ಸರಿಯಾದ ಸಿರಿಂಜ್ ಜೋಡಿಸಿ

ಈ ಇಡೀ ಬರಹದಲ್ಲಿ ಒಂದೇ ಹಂತ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಇನ್ಸುಲಿನ್ ಮುಖ್ಯವಾಗಿ ಎರಡು ಸಾಂದ್ರತೆಯಲ್ಲಿ ಬರುತ್ತದೆ. ಯು-40 ಅಂದರೆ ಒಂದು ಮಿ.ಲೀ.ನಲ್ಲಿ 40 ಯೂನಿಟ್. ಯು-100 ಅಂದರೆ ಅಷ್ಟರಲ್ಲೇ 100 ಯೂನಿಟ್. ಸಿರಿಂಜ್ ಕೂಡ ಎರಡು ಬಗೆ. ನಮ್ಮಲ್ಲಿ ಕೆಂಪು ಮುಚ್ಚಳದ್ದು ಯು-40, ಕಿತ್ತಳೆ ಮುಚ್ಚಳದ್ದು ಯು-100.

ಅದಲುಬದಲಾದರೆ ಏನಾಗುತ್ತದೆ, ಲೆಕ್ಕ ಹಾಕಿ ನೋಡಿ. ನಾಯಿಗೆ 4 ಯೂನಿಟ್ ಬರೆದಿದ್ದಾರೆ. ಬಾಟಲಿ ಯು-100, ಮನೆಯವರ ಕೈಯಲ್ಲಿ ಕೆಂಪು ಮುಚ್ಚಳದ ಸಿರಿಂಜ್. 4ರ ಗೆರೆವರೆಗೆ ಎಳೆದರೆ 0.1 ಮಿ.ಲೀ. ಬರುತ್ತದೆ. ಅದರಲ್ಲಿ ಇರುವುದು 10 ಯೂನಿಟ್. ಬೇಕಾದದ್ದರ ಎರಡೂವರೆ ಪಟ್ಟು. ಸಕ್ಕರೆ ಕುಸಿದು ನಾಯಿ ಸೆಳೆತ ಬಂದು ಬೀಳಬಹುದು. ತಿರುಗಾಮುರುಗಾ ಆದರೆ, ಅಂದರೆ ಯು-40 ಬಾಟಲಿಗೆ ಕಿತ್ತಳೆ ಸಿರಿಂಜ್ ಬಳಸಿದರೆ, ಹೋಗುವುದು ಬರೀ 1.6 ಯೂನಿಟ್. ಆಗ ಕಾಯಿಲೆ ಹಿಡಿತಕ್ಕೆ ಬರುವುದಿಲ್ಲ. ಯಾಕೆ ಬರುತ್ತಿಲ್ಲ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಡಾಕ್ಟರ್ ಡೋಸ್ ಏರಿಸುತ್ತಾ ಹೋಗುತ್ತಾರೆ. ಮುಂದೊಂದು ದಿನ ಯಾರೋ ಸರಿಯಾದ ಸಿರಿಂಜ್ ಕೊಟ್ಟಾಗ ಆ ಏರಿಸಿದ ಡೋಸೇ ಕುತ್ತಿಗೆಗೆ ಬರುತ್ತದೆ.

ಇಲ್ಲಿ ನಮ್ಮ ದೇಶದ್ದೇ ಆದ ಒಂದು ತೊಡಕು ಇದೆ. ಸಾಕುಪ್ರಾಣಿಗಳ ಬಗ್ಗೆ ನೆಟ್‌ನಲ್ಲಿ ಸಿಗುವ ಬರಹ ಬಹುಪಾಲು ಅಮೆರಿಕದ್ದು. ಅಲ್ಲಿ ಯು-40 ಅಂದರೆ ಪ್ರಾಣಿಗಳ ಇನ್ಸುಲಿನ್, ಯು-100 ಅಂದರೆ ಮನುಷ್ಯರದ್ದು ಎಂದು ಬರೆದಿರುತ್ತದೆ. ಅವರ ಮಟ್ಟಿಗೆ ಅದು ಸರಿ. ನಮ್ಮಲ್ಲಿ ಹಾಗಲ್ಲ. ಇಲ್ಲಿ ಮನುಷ್ಯರ ಸಾಮಾನ್ಯ ಇನ್ಸುಲಿನ್ ಬಾಟಲಿಗಳು ಯು-40ರಲ್ಲೇ ಧಾರಾಳವಾಗಿ ಬರುತ್ತವೆ. ಗ್ಲಾರ್ಜಿನ್ (ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್) ಮತ್ತು ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್‌ಗಳು ಸಾಮಾನ್ಯವಾಗಿ ಯು-100. ಹಾಗಾಗಿ "ಇದು ಮನುಷ್ಯರ ಇನ್ಸುಲಿನ್, ಅಂದಮೇಲೆ ಕಿತ್ತಳೆ ಸಿರಿಂಜ್" ಎನ್ನುವ ಲೆಕ್ಕ ಇಲ್ಲಿ ಕೈಕೊಡುತ್ತದೆ. ಅಮೆರಿಕದಿಂದ ಬೆಂಗಳೂರಿಗೆ ವಾಪಸ್ ಬಂದವರು ನಾಯಿ, ಬೆಕ್ಕಿನ ಜೊತೆ ಅಲ್ಲಿಯ ಸಿರಿಂಜ್ ಪ್ಯಾಕೆಟ್ಟನ್ನೂ ತಂದಿರುತ್ತಾರೆ. ಬ್ರಾಂಡ್ ಹೆಸರು ನೋಡಿ ಊಹಿಸಬೇಡಿ. ಬಾಟಲಿ ಮೇಲಿನ ಸಂಖ್ಯೆ ಓದಿ, ಸಿರಿಂಜ್ ಮೇಲಿನ ಸಂಖ್ಯೆ ಓದಿ, ಎರಡನ್ನೂ ಪಕ್ಕಪಕ್ಕ ಇಟ್ಟು ಮಾಲೀಕರಿಗೆ ತೋರಿಸಿ. ಬಾಟಲಿ ಒಂದು ಅಂಗಡಿಯಲ್ಲಿ, ಸಿರಿಂಜ್ ಇನ್ನೊಂದು ಅಂಗಡಿಯಲ್ಲಿ ಕೊಳ್ಳಬೇಡಿ ಎಂದೂ ಹೇಳಿ.

ಬೆಕ್ಕಿಗೆ ಇನ್ನೂ ಜೋಪಾನ ಬೇಕು. ಬೆಕ್ಕಿಗೆ ಸಾಮಾನ್ಯವಾಗಿ ಒಂದು ಯೂನಿಟ್‌ನಿಂದ, ದಿನಕ್ಕೆ ಎರಡು ಸಲ, ಶುರು ಮಾಡುತ್ತಾರೆ. ಅಷ್ಟು ಸಣ್ಣ ಅಳತೆಯಲ್ಲಿ ಒಂದು ಗೆರೆ ತಪ್ಪಿದರೂ ಡೋಸ್ ಇಮ್ಮಡಿಯಾಗುತ್ತದೆ. ಸಿಕ್ಕರೆ ಅರ್ಧ ಯೂನಿಟ್ ಗೆರೆ ಇರುವ ಸಣ್ಣ ಸಿರಿಂಜ್ ಕೊಡಿ. ಕೊಡುವ ಮುಂಚೆ ಮಾಲೀಕರ ಕೈಯಿಂದಲೇ ಬರೀ ನೀರನ್ನು ಆ ಗೆರೆವರೆಗೆ ಎಳೆಸಿ ನೋಡಿ. ನಂತರ ಆ ಸಿರಿಂಜನ್ನು ಎಸೆಯಿರಿ. ಹತ್ತು ನಿಮಿಷ ಮಾತಾಡುವುದಕ್ಕಿಂತ ಈ ಒಂದು ನಿಮಿಷ ಜಾಸ್ತಿ ಕೆಲಸ ಮಾಡುತ್ತದೆ.

"ನಮ್ಮ ಯಜಮಾನರ ಮೆಟ್‌ಫಾರ್ಮಿನ್ ಇದೆ, ಅರ್ಧ ಮಾತ್ರೆ ನಾಯಿಗೆ ಹಾಕಲಾ?" ಎಂದು ಕೇಳುವವರಿದ್ದಾರೆ. ಬೇಡ. ಸಕ್ಕರೆ ಕಾಯಿಲೆ ಬಂದ ನಾಯಿಯ ಮೈಯಲ್ಲಿ ಸಾಮಾನ್ಯವಾಗಿ ಇನ್ಸುಲಿನ್ ತಯಾರಾಗುವುದೇ ನಿಂತಿರುತ್ತದೆ. ಅದಕ್ಕೆ ಚುಚ್ಚುಮದ್ದೇ ಗತಿ. ಬೆಕ್ಕಿನ ಕತೆ ಸ್ವಲ್ಪ ಬೇರೆ. ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಬೆಕ್ಸಾಗ್ಲಿಫ್ಲೋಝಿನ್ ಮಾತ್ರೆಗೆ, 2023ರಲ್ಲಿ ವೆಲಾಗ್ಲಿಫ್ಲೋಝಿನ್ ದ್ರವಕ್ಕೆ ಬೆಕ್ಕುಗಳಿಗಾಗಿ ಒಪ್ಪಿಗೆ ಸಿಕ್ಕಿದೆ. ಅದೂ ಮೊದಲು ಇನ್ಸುಲಿನ್ ಪಡೆಯದ, ಬೇರೆ ವಿಧದಲ್ಲಿ ಆರೋಗ್ಯವಾಗಿರುವ ಬೆಕ್ಕುಗಳಿಗೆ ಮಾತ್ರ. ಇವುಗಳಿಂದ ರಕ್ತದ ಸಕ್ಕರೆ ಸರಿಯಾಗಿ ಕಂಡರೂ ಕೀಟೋಆಸಿಡೋಸಿಸ್, ಅಂದರೆ ರಕ್ತ ಆಮ್ಲೀಯವಾಗುವ ಪ್ರಾಣಾಪಾಯದ ಸ್ಥಿತಿ, ಬರಬಹುದು. ಇದನ್ನು ಓದಿಕೊಂಡು ಬಂದು ಇದೇ ಗುಂಪಿನ ಮನುಷ್ಯರ ಔಷಧಿ ಡಾಪಾಗ್ಲಿಫ್ಲೋಝಿನ್ ಕೇಳಿದರೆ ಪಶುವೈದ್ಯರ ಚೀಟಿ ಇಲ್ಲದೆ ಕೊಡಬೇಡಿ.

ಈ ಭಾಗ ಬರೆಯುವಾಗೆಲ್ಲ ನನಗೆ 1921ರ ಟೊರಾಂಟೊ ನೆನಪಾಗುತ್ತದೆ. ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಕೊಂಡದ್ದು ನಾಯಿಗಳ ಮೇಲೆ ನಡೆಸಿದ ಪ್ರಯೋಗದಿಂದ. ಮರುವರ್ಷ ಅದು ಮನುಷ್ಯರಿಗೆ ಬಂತು. ನಾವು ನಾಯಿಗಳಿಗೆ ಋಣಿಗಳು. ಒಂದು ಸಿರಿಂಜನ್ನು ಸರಿಯಾಗಿ ನೋಡಿ ಕೊಡುವಷ್ಟಾದರೂ ಮಾಡಬೇಕು ಅಲ್ವಾ.

ಹಂತ 3: ಮನೆಗೆ ಹೋದಮೇಲೆ ಇನ್ಸುಲಿನ್ ಹಾಳಾಗದಂತೆ ಹೇಳಿಕೊಡಿ

ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರೀಝರ್‌ಗೆ ತಾಗಿಸಿ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದಮೇಲೆ ನೋಡಲು ಚೆನ್ನಾಗಿದ್ದರೂ ಎಸೆಯಬೇಕು. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಕರೆಂಟ್ ಹೋದರೆ ಬಾಟಲಿಯನ್ನು ಡಬ್ಬಿಯಲ್ಲಿ ಹಾಕಿ, ಹೊರಗಿನಿಂದ ಒದ್ದೆ ಮಾಡಿದ ಮಣ್ಣಿನ ಮಡಕೆಯಲ್ಲಿಡುವುದು ಒಳ್ಳೆಯ ಉಪಾಯ. ಫ್ರಿಜ್‌ನಷ್ಟು ತಣ್ಣಗಿರದಿದ್ದರೂ ಹೊರಗಿನ ಬಿಸಿಗಿಂತ ಎಷ್ಟೋ ಮೇಲು. ತೆರೆದ ದಿನಾಂಕವನ್ನು ಬಾಟಲಿ ಮೇಲೆ ಪೆನ್ನಿನಿಂದ ಬರೆಯಿಸಿ. ತೆರೆದಮೇಲೆ ಎಷ್ಟು ದಿನ ಎನ್ನುವುದು ಒಂದೊಂದಕ್ಕೆ ಒಂದೊಂದು. ಜೊತೆಗೆ ಬರುವ ಕಾಗದದಲ್ಲಿ ಇರುತ್ತದೆ, ಓದಿ ಹೇಳಿ.

ಕಲಸುವ ರೀತಿಯೂ ಬೇರೆ ಬೇರೆ. ಮೋಡ ಕಟ್ಟಿದಂತಿರುವ ಎನ್‌ಪಿಎಚ್ ಇನ್ಸುಲಿನ್ ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ಗ್ಲಾರ್ಜಿನ್ ತಿಳಿನೀರಿನಂತಿರುತ್ತದೆ, ಕಲಸುವುದೇ ಬೇಡ, ಅದಕ್ಕೆ ಏನನ್ನೂ ಬೆರೆಸುವುದೂ ಬೇಡ. ಹಂದಿಯ ಇನ್ಸುಲಿನ್‌ನಿಂದ ತಯಾರಾಗುವ ಪ್ರಾಣಿಗಳ ಇನ್ಸುಲಿನ್ ಒಂದಿದೆ. ಅಮೆರಿಕದಲ್ಲಿ ವೆಟ್‌ಸುಲಿನ್ ಎಂದು ಮಾರುವ ಅದನ್ನು ಚೆನ್ನಾಗಿ ಕುಲುಕಿ ಎಂದೇ ಲೇಬಲ್ ಹೇಳುತ್ತದೆ. ಹಂದಿಯ ಇನ್ಸುಲಿನ್ ಮತ್ತು ನಾಯಿಯ ಇನ್ಸುಲಿನ್ ರಚನೆಯಲ್ಲಿ ಒಂದೇ. ಹಾಗಾಗಿ ನಾಯಿಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ.

ಮೊದಲು ಊಟ, ಆಮೇಲೆ ಸೂಜಿ. ಪ್ರಾಣಿ ತಿನ್ನದಿದ್ದರೆ ಪೂರ್ತಿ ಡೋಸ್ ಕೊಡದೆ ಡಾಕ್ಟರನ್ನು ಕೇಳಬೇಕು. "ಬೆಳಿಗ್ಗೆ ನಾನು ಹಾಕಿದೆನೋ, ಮಗಳು ಹಾಕಿದಳೋ ಗೊತ್ತಿಲ್ಲ" ಎನ್ನುವ ಸಂದರ್ಭ ಎಲ್ಲ ಮನೆಯಲ್ಲೂ ಬರುತ್ತದೆ. ಆಗ ಮತ್ತೆ ಹಾಕಬಾರದು. ಒಂದು ಡೋಸ್ ತಪ್ಪಿದರೆ ಅಷ್ಟು ತೊಂದರೆಯಿಲ್ಲ, ಎರಡು ಡೋಸ್ ಒಟ್ಟಿಗೆ ಬಿದ್ದರೆ ಪ್ರಾಣ ಹೋಗಬಹುದು. ಫ್ರಿಜ್ ಬಾಗಿಲಿಗೆ ಒಂದು ಕ್ಯಾಲೆಂಡರ್ ಹಾಳೆ ಅಂಟಿಸಿ, ಹಾಕಿದವರು ಗುರುತು ಹಾಕಲಿ.

ಹಂತ 4: ಥೈರಾಯ್ಡ್ ಚೀಟಿ

ನಾಯಿಗೆ ಥೈರಾಯ್ಡ್ ಕಡಿಮೆಯಾಗುತ್ತದೆ, ವಯಸ್ಸಾದ ಬೆಕ್ಕಿಗೆ ಜಾಸ್ತಿಯಾಗುತ್ತದೆ. ಅಪರೂಪಕ್ಕೆ ಉಲ್ಟಾ ಇರಬಹುದು. ಆದರೆ ಬೆಕ್ಕಿಗೆ ಥೈರಾಕ್ಸಿನ್ ಬರೆದ ಚೀಟಿ ಬಂದರೆ ಒಮ್ಮೆ ಫೋನ್ ಮಾಡಿ ಕೇಳುವುದರಲ್ಲಿ ತಪ್ಪಿಲ್ಲ.

ನಾಯಿಗೆ ಸಾಮಾನ್ಯ ಡೋಸ್ ಕೆ.ಜಿ.ಗೆ 20 ಮೈಕ್ರೋಗ್ರಾಂ, ದಿನಕ್ಕೆ ಎರಡು ಸಲ. 25 ಕೆ.ಜಿ. ಲ್ಯಾಬ್ರಡಾರ್‌ಗೆ 500 ಆಯಿತು. ಮೊದಲು ಹೇಳಿದ ಚೀಟಿಯ ಲೆಕ್ಕ ಇದೇ. ಯಾಕಿಷ್ಟು? ನಾಯಿಯ ಕರುಳು ಈ ಔಷಧಿಯನ್ನು ಚೆನ್ನಾಗಿ ಹೀರುವುದಿಲ್ಲ. ಹೀರಿದ್ದು ಮನುಷ್ಯರಲ್ಲಿ ಅರ್ಧ ಖಾಲಿಯಾಗಲು ಸುಮಾರು ಏಳು ದಿನ ಬೇಕು. ನಾಯಿಯಲ್ಲಿ ಒಂದು ದಿನವೂ ಬೇಡ. ಆದ್ದರಿಂದ ಡೋಸ್ ದೊಡ್ಡದು ಕಂಡಿತು ಅಂತ ಸುಮ್ನೆ ಕಡಿಮೆ ಮಾಡಬೇಡಿ. ಮಿಲಿಗ್ರಾಂ, ಮೈಕ್ರೋಗ್ರಾಂ ಗೊಂದಲ ಮಾತ್ರ ನೋಡಿಕೊಳ್ಳಿ. 0.5 ಮಿ.ಗ್ರಾಂ. ಎಂದರೂ 500 ಮೈಕ್ರೋಗ್ರಾಂ ಎಂದರೂ ಒಂದೇ. ಹೃದಯದ ತೊಂದರೆ ಇರುವ ನಾಯಿಗೆ ಕಡಿಮೆ ಡೋಸ್‌ನಿಂದ ಶುರು ಮಾಡುತ್ತಾರೆ.

ನಿಮ್ಮಿಂದ ನಿಜವಾಗಿ ಉಪಕಾರ ಆಗುವುದು ಇಲ್ಲಿ: ಆ 500ಕ್ಕೆ 100ರ ಮಾತ್ರೆಯಾದರೆ ಹೊತ್ತಿಗೆ ಐದು, 125ರದ್ದಾದರೆ ನಾಲ್ಕು. ತಿಂಗಳಿಗೆ 300ರ ಬದಲು 240 ಮಾತ್ರೆ ಸಾಕು. ಡಾಕ್ಟರಿಗೆ ಹೇಳಿ ಒಪ್ಪಿಸಿ, ಮುಂಚೆಯೇ ತರಿಸಿಡಿ. ಒಂದೇ ಕಂಪನಿಯದ್ದು ಕೊಡುತ್ತಾ ಬನ್ನಿ. ಊಟದ ಜೊತೆ ಕೊಟ್ಟರೆ ಯಾವಾಗಲೂ ಊಟದ ಜೊತೆ, ಖಾಲಿ ಹೊಟ್ಟೆಯಾದರೆ ಯಾವಾಗಲೂ ಖಾಲಿ ಹೊಟ್ಟೆ ಎಂದು ಹೇಳಿ. ಕ್ಯಾಲ್ಸಿಯಂ, ಕಬ್ಬಿಣ, ಸುಕ್ರಾಲ್ಫೇಟ್ (ಹೊಟ್ಟೆ ಹುಣ್ಣಿನ ಔಷಧಿ) ಅದರ ಜೊತೆಗೇ ಬೇಡ. ರಕ್ತ ಪರೀಕ್ಷೆಗೆ ಹೋಗುವ ದಿನ ಮಾತ್ರೆ ಕೊಟ್ಟ ಹೊತ್ತು ಬರೆದುಕೊಂಡು ಹೋಗಲಿ. ಸಾಮಾನ್ಯವಾಗಿ ಮಾತ್ರೆ ಕೊಟ್ಟ 4ರಿಂದ 6 ಗಂಟೆಗೆ ರಕ್ತ ತೆಗೆಯುತ್ತಾರೆ.

ಬೆಕ್ಕು ಚೆನ್ನಾಗಿ ತಿನ್ನುತ್ತದೆ, ಆದರೂ ಸೊರಗುತ್ತಿದೆ. ವಯಸ್ಸು ಹತ್ತು ದಾಟಿದೆ. ಇದು ಥೈರಾಯ್ಡ್ ಜಾಸ್ತಿಯಾದ ಬೆಕ್ಕಿನ ಚಿತ್ರ. ಔಷಧಿ ಮೆಥಿಮಝೋಲ್, ಅಥವಾ ನಮ್ಮಲ್ಲಿ ಸುಲಭವಾಗಿ ಸಿಗುವ ಕಾರ್ಬಿಮಝೋಲ್. ಕಾರ್ಬಿಮಝೋಲ್ ಮೈಯೊಳಗೆ ಹೋಗಿ ಮೆಥಿಮಝೋಲ್ ಆಗುತ್ತದೆ. ಆದರೆ ಮಿಲಿಗ್ರಾಂಗೆ ಮಿಲಿಗ್ರಾಂ ಸಮ ಅಲ್ಲ. ಒಂದು ಬರೆದಿದ್ದರೆ ಇನ್ನೊಂದನ್ನು ನೀವಾಗಿ ಕೊಡಬೇಡಿ. ಗರ್ಭಿಣಿಯರು, ಗರ್ಭಿಣಿಯಾಗಬಯಸುವವರು ಈ ಮಾತ್ರೆಯನ್ನು ಬರಿಗೈಯಲ್ಲಿ ಒಡೆಯಬಾರದು, ಪುಡಿ ಮಾಡಬಾರದು. ಮೊದಲ ಮೂರು ತಿಂಗಳು ಕಣ್ಣಿಟ್ಟಿರಲು ಹೇಳಿ. ಮುಖ ವಿಪರೀತ ಕೆರೆದುಕೊಳ್ಳುವುದು, ವಾಂತಿ, ಊಟ ಬಿಡುವುದು, ಜ್ವರ, ಎಲ್ಲಿಂದಾದರೂ ರಕ್ತ ಒಸರುವುದು ಕಂಡರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. ಜಾಸ್ತಿಯಾದ ಥೈರಾಯ್ಡ್ ಕಿಡ್ನಿ ತೊಂದರೆಯನ್ನು ಮುಚ್ಚಿಟ್ಟಿರುತ್ತದೆ. ಔಷಧಿ ಹಿಡಿತಕ್ಕೆ ತಂದಮೇಲೆ ಅದು ಹೊರಬೀಳಬಹುದು. ರಕ್ತ ಪರೀಕ್ಷೆ ತಪ್ಪಿಸಬೇಡಿ ಎಂದು ಪ್ರತಿ ಸಲ ನೆನಪಿಸಿ.

ಮಾತ್ರೆ ನುಂಗದ ಬೆಕ್ಕಿಗೆ ಕಿವಿಯ ಒಳಬದಿಗೆ ಹಚ್ಚುವ ಜೆಲ್ ರೂಪದಲ್ಲೂ ಮೆಥಿಮಝೋಲ್ ತಯಾರಿಸುತ್ತಾರೆ. ಅದಕ್ಕೆ ವಿಶೇಷ ತಯಾರಿ ಬೇಕು. ಮಾತ್ರೆ ಪುಡಿ ಮಾಡಿ ವ್ಯಾಸಲಿನ್‌ಗೆ ಕಲಸಿದರೆ ಆಗುವುದಿಲ್ಲ. ಹಚ್ಚುವವರು ಕೈಗವಸು ಹಾಕಬೇಕು, ಇವತ್ತು ಒಂದು ಕಿವಿ, ನಾಳೆ ಇನ್ನೊಂದು.

ಹಂತ 5: ಸ್ಟೀರಾಯ್ಡ್ ಜಾಸ್ತಿ, ಸ್ಟೀರಾಯ್ಡ್ ಕಡಿಮೆ

ಮೈಯಲ್ಲಿ ಸ್ಟೀರಾಯ್ಡ್ ಹಾರ್ಮೋನ್ ಜಾಸ್ತಿಯಾಗುವುದು ಕುಶಿಂಗ್ ಕಾಯಿಲೆ. ಅಂಥ ನಾಯಿ ಬಕೆಟ್ ಬಕೆಟ್ ನೀರು ಕುಡಿಯುತ್ತದೆ, ಹೊಟ್ಟೆ ಜೋತುಬಿದ್ದಿರುತ್ತದೆ, ಕೂದಲು ಉದುರುತ್ತದೆ. ಇಂಥ ನಾಯಿಯ ಮಾಲೀಕರು ಬಂದರೆ ಮೊದಲು ಕೇಳಿ: ಕೆರೆತಕ್ಕೆ ಏನು ಹಚ್ಚುತ್ತಿದ್ದೀರಿ? ಬೀಟಾಮೆಥಾಸೋನ್, ಕ್ಲೋಬೆಟಾಸಾಲ್‌ನಂಥ ಸ್ಟೀರಾಯ್ಡ್ ಸೇರಿದ ಟ್ಯೂಬ್‌ಗಳು ನಮ್ಮ ಊರುಗಳಲ್ಲಿ ಚೀಟಿಯಿಲ್ಲದೆ ಕೈಬದಲಾಗುತ್ತಿವೆ. ಮಾಲೀಕರು ತಮಗೆ ಕೊಂಡದ್ದನ್ನೇ ನಾಯಿಗೂ ಹಚ್ಚುತ್ತಾರೆ. ನಾಯಿ ಅದನ್ನು ನೆಕ್ಕುತ್ತದೆ. ತಿಂಗಳುಗಟ್ಟಲೆ ಹೀಗಾದರೆ ಗ್ರಂಥಿಯಲ್ಲಿ ದೋಷ ಇಲ್ಲದೆಯೂ ಕುಶಿಂಗ್ ಲಕ್ಷಣ ಬರುತ್ತದೆ. ಡಾಕ್ಟರಿಗೆ ಈ ವಿಷಯ ಗೊತ್ತಿರುವುದಿಲ್ಲ, ಟ್ಯೂಬ್ ಮಾರಿದ ನಮಗೆ ಗೊತ್ತು. ಆ ಸುದ್ದಿ ಡಾಕ್ಟರಿಗೆ ಮುಟ್ಟಿಸಿ. ಆದರೆ ಹಠಾತ್ತನೆ ನಿಲ್ಲಿಸಿ ಎಂದು ನೀವೇ ಹೇಳಬೇಡಿ. ಹೊರಗಿನ ಸ್ಟೀರಾಯ್ಡ್‌ಗೆ ಒಗ್ಗಿದ ಮೈ ತನ್ನದನ್ನು ತಯಾರಿಸುವುದನ್ನು ಬಿಟ್ಟಿರುತ್ತದೆ. ಒಮ್ಮೆಲೆ ನಿಂತರೆ ನಾಯಿ ಕುಸಿದು ಬೀಳಬಹುದು.

ನಿಜವಾದ ಕುಶಿಂಗ್‌ಗೆ ಟ್ರೈಲೋಸ್ಟೇನ್ ಕ್ಯಾಪ್ಸೂಲ್. ಊಟದ ಜೊತೆ ಕೊಡಬೇಕು. ಕ್ಯಾಪ್ಸೂಲ್ ಬಿಚ್ಚಿ ಪುಡಿ ಹಂಚಬಾರದು. ಗರ್ಭಿಣಿಯರು ಮುಟ್ಟುವಾಗ ಕೈಗವಸು ಬೇಕು. ಅದೇ ನಾಯಿಗೆ ಹೃದಯ, ಬಿಪಿಗೆ ಕೊಡುವ ಎನಲಾಪ್ರಿಲ್, ಬೆನಝೆಪ್ರಿಲ್ ಅಥವಾ ಸ್ಪೈರೊನೊಲ್ಯಾಕ್ಟೋನ್ ಕೂಡ ಬರೆದಿದ್ದರೆ ಪೊಟ್ಯಾಸಿಯಂ ಏರಬಹುದು ಎಂದು ಡಾಕ್ಟರಿಗೆ ಒಮ್ಮೆ ನೆನಪಿಸಿ. ನಾಯಿ ಮಂಕಾಗಿ, ಊಟ ಬಿಟ್ಟು, ವಾಂತಿ ಭೇದಿ ಶುರುವಾದರೆ ಮುಂದಿನ ಕ್ಯಾಪ್ಸೂಲ್ ಕೊಡದೆ ತಕ್ಷಣ ಡಾಕ್ಟರನ್ನು ಕಾಣಬೇಕು.

ಅಡಿಸನ್ ಕಾಯಿಲೆ ಇದರ ವಿರುದ್ಧ, ಮೈಯಲ್ಲಿ ಸ್ಟೀರಾಯ್ಡ್ ಕಡಿಮೆ. ಫ್ಲೂಡ್ರೋಕಾರ್ಟಿಸೋನ್ ಮಾತ್ರೆ, ಜೊತೆಗೆ ಸ್ವಲ್ಪ ಪ್ರೆಡ್ನಿಸೋಲೋನ್, ಜೀವನಪೂರ್ತಿ. ಈ ಗಿರಾಕಿಗೆ "ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಎನ್ನುವಂತಿಲ್ಲ. ಅವರಿಗಾಗಿ ಒಂದು ತಿಂಗಳ ಮಾತ್ರೆ ಯಾವಾಗಲೂ ಪಕ್ಕಕ್ಕೆ ತೆಗೆದಿಡಿ. ದೀಪಾವಳಿ ಪಟಾಕಿ, ಪ್ರಯಾಣ, ಆಪರೇಷನ್‌ನಂಥ ಹೆದರಿಕೆ, ಆಯಾಸದ ದಿನಗಳಲ್ಲಿ ಪ್ರೆಡ್ನಿಸೋಲೋನ್ ಎಷ್ಟು ಹೆಚ್ಚಿಸಬೇಕು ಎಂದು ಡಾಕ್ಟರಿಂದ ಮುಂಚೆಯೇ ಬರೆಸಿಕೊಂಡಿರಲಿ.

ಹಂತ 6: ಜೊತೆಗೆ ಕೊಂಡುಹೋಗುವುದನ್ನೂ ನೋಡಿ

ಸಕ್ಕರೆ ಕಾಯಿಲೆಯ ನಾಯಿಗೆ 'ಶುಗರ್ ಫ್ರೀ' ಸಿರಪ್ ಒಳ್ಳೆಯದು ಅನ್ನಿಸುವುದು ಸಹಜ. ಅದರಲ್ಲಿ ಸಿಹಿಗೆ ಹಾಕುವ ಝೈಲಿಟಾಲ್ ಇದ್ದರೆ ನಾಯಿಗೆ ವಿಷ. ಇನ್ಸುಲಿನ್ ತಯಾರಾಗುವ ನಾಯಿಯ ಮೈಯಲ್ಲಿ ಅದು ಒಮ್ಮೆಲೆ ಸುರಿದು ಸಕ್ಕರೆ ಕುಸಿಯುತ್ತದೆ, ಲಿವರ್ ಕೂಡ ಕೆಡಬಹುದು. ದ್ರವ ಔಷಧಿ ಕೊಡುವ ಮುಂಚೆ ಲೇಬಲ್ ಹಿಂಬದಿ ಓದಿ. ಬೆಕ್ಕಿಗೆ ಜ್ವರ ಎಂದು ಪ್ಯಾರಸಿಟಮಾಲ್ ಕೇಳಿದರೆ ಕೊಡಲೇಬೇಡಿ, ಒಂದು 500ರ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಾವು ವಾರಕ್ಕೊಂದು ನುಂಗುವ 60,000 ಯೂನಿಟ್‌ನ ವಿಟಮಿನ್ ಡಿ ನಾಯಿಯ ಕೈಗೆಟುಕದಂತೆ ಇಡಲು ಹೇಳಿ. ಸಕ್ಕರೆ ಕಾಯಿಲೆಯ ಪ್ರಾಣಿಗೆ ಪ್ರೆಡ್ನಿಸೋಲೋನ್ ಅಥವಾ ಸ್ಟೀರಾಯ್ಡ್ ಇರುವ ಕಣ್ಣಿನ ಹನಿ ಬರೆದಿದ್ದರೆ, ಬರೆದ ಡಾಕ್ಟರಿಗೆ ಇನ್ಸುಲಿನ್ ವಿಷಯ ಗೊತ್ತಿದೆಯೇ ಎಂದು ಕೇಳಿ.

ಹಂತ 7: ಮತ್ತೆ ಬಂದಾಗ, ಫೋನ್ ಬಂದಾಗ

ಒಂದು ರಿಜಿಸ್ಟರ್ ಇಡಿ. ಪ್ರಾಣಿ, ತೂಕ, ಔಷಧಿ, ಸಾಂದ್ರತೆ, ಸಿರಿಂಜ್ ಬಣ್ಣ, ಕೊಂಡ ದಿನ. ಮಾತ್ರೆ ಬೇಗ ಮುಗಿದಿದ್ದರೂ, ಇನ್ನೂ ಉಳಿದಿದ್ದರೂ ಕೇಳಿ. ಬೆಕ್ಕುಗಳಲ್ಲಿ ಚಿಕಿತ್ಸೆ ಸರಿಯಾದರೆ ಕೆಲವೊಮ್ಮೆ ಇನ್ಸುಲಿನ್ ಬೇಕಾಗುವುದೇ ನಿಂತುಹೋಗುತ್ತದೆ. "ಈಗ ನೀರು ಜಾಸ್ತಿ ಕುಡಿಯಲ್ಲ, ಆದರೆ ಸ್ವಲ್ಪ ತೂರಾಡುತ್ತೆ" ಎಂದು ಮಾಲೀಕರು ಸಹಜವಾಗಿ ಹೇಳಿದ ಮಾತಿನಲ್ಲಿ, ಡೋಸ್ ಜಾಸ್ತಿಯಾಗಿದೆ ಎನ್ನುವ ಸೂಚನೆ ಇರುತ್ತದೆ. ಅವತ್ತೇ ಡಾಕ್ಟರಿಗೆ ಕಳಿಸಿ. ಮನೆಯಲ್ಲಿ ಮನುಷ್ಯರ ಗ್ಲುಕೋಮೀಟರ್‌ನಲ್ಲಿ ನೋಡುತ್ತಿದ್ದರೆ, ಪ್ರಾಣಿಗಳ ರಕ್ತದಲ್ಲಿ ಅದು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ ಎಂದು ತಿಳಿಸಿ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಕ್ಲಿನಿಕ್ಕಿಗೆ ಕೊಡಲಿ. ಕಸದ ಗಾಡಿಯವರ ಕೈಗೆ ಚುಚ್ಚಬಾರದು.

ಇನ್ಸುಲಿನ್ ಕೊಂಡವರಿಗೆ ಒಂದು ಚೀಟಿ ಬರೆದು ಡಬ್ಬಿಗೆ ಅಂಟಿಸಿ ಕೊಡಿ. ನಾನು ಹೀಗೆ ಬರೆಯುತ್ತೇನೆ:

"ನಾಯಿ ತೂರಾಡಿದರೆ, ನಡುಗಿದರೆ, ಸೆಳೆತ ಬಂದರೆ ಸಕ್ಕರೆ ಕುಸಿದಿರಬಹುದು. ಜೇನುತುಪ್ಪ ಅಥವಾ ನೀರಲ್ಲಿ ಕಲಸಿದ ಗ್ಲುಕೋಸ್ ಪುಡಿಯನ್ನು ವಸಡಿಗೆ ಸವರಿ. ಬಾಯಿಗೆ ಸುರಿಯಬೇಡಿ. ಹಲ್ಲಿನ ನಡುವೆ ಬೆರಳು ಇಡಬೇಡಿ. ಎಚ್ಚರ ಬಂದರೆ ಊಟ ಕೊಡಿ. ಮುಂದಿನ ಇನ್ಸುಲಿನ್ ಹಾಕಬೇಡಿ. ಈಗಲೇ ಡಾಕ್ಟರಿಗೆ ಫೋನ್ ಮಾಡಿ."

ಕೆಳಗೆ ಪಶುವೈದ್ಯರ ನಂಬರ್ ಬರೆಯಿರಿ. ರಾತ್ರಿ ಎತ್ತುವ ನಂಬರ್ ಆಗಿರಲಿ.